ಚಳಿಯಲ್ಲಿ ಬೆಳಗುವ ಆಯಿಲ್ ದೀಪ

ಪ್ರಶ್ನೆ: ಕೆನಡಾದಲ್ಲಿದ್ದೇನೆ. ಕೊರೆಯುವ ಚಳಿಯಲ್ಲಿ ನನ್ನ ಫೋರ್-ಸ್ಟ್ರೋಕ್ ಸ್ನೋಮೊಬೈಲ್ ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಷರ್ ಕಡಿಮೆ ಎಂಬ ದೀಪ ಆರುವುದೇ ಇಲ್ಲ. ಏಕೆ?

ಉತ್ತರ: ಎಂಜಿನ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ದೀಪ ಆರಬೇಕು. ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಆಕ್ಸಿಲರೇಟರ್ ಒತ್ತಿ ನೋಡುವ ಆಟ ಬೇಡ, ಬೇರಿಂಗ್‌ಗಳು ಹಾಳಾದಾವು.

ಗಟ್ಟಿಯಾದ ಎಣ್ಣೆ ಪಂಪ್ ದಾಟಿದ ಮೇಲೆ ಒತ್ತಡವನ್ನು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ. ತೊಂದರೆ ಇರುವುದು ಎಣ್ಣೆ ಪಂಪಿನವರೆಗೆ ಬರುವುದರಲ್ಲಿ. ಜೇನುತುಪ್ಪದಂತೆ ಹೆಪ್ಪುಗಟ್ಟಿದರೆ ಪಂಪ್ ಅದನ್ನು ಎಳೆಯಲಾರದು. ಆದ್ದರಿಂದ ಗ್ರೇಡ್ ನೋಡಿ: 10ಡಬ್ಲ್ಯು ಎಣ್ಣೆಯ ಪಂಪಿಂಗ್ ಪರೀಕ್ಷೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆದರೆ, 0ಡಬ್ಲ್ಯುವಿನದು ಮೈನಸ್ 40ರಲ್ಲಿ. ಮ್ಯಾನುಯಲ್ ಹೇಳಿದ್ದನ್ನೇ ಹಾಕಿ.

ಎಣ್ಣೆಯ ಮಟ್ಟವನ್ನೂ ಮ್ಯಾನುಯಲ್‌ನ ಕ್ರಮದಲ್ಲೇ ಅಳೆಯಿರಿ. ಬರೀ ಹತ್ತಿರದ ಓಡಾಟವಾದರೆ ಎಂಜಿನ್ ಪೂರ್ತಿ ಕಾಯದೆ ಒಳಗೆ ತೇವ ಉಳಿಯುತ್ತದೆ. ಆ ನೀರು ಮಂಜುಗಡ್ಡೆಯಾಗಿ, ಪಂಪ್ ಎಣ್ಣೆ ಎಳೆಯುವ ಕಡೆಯ ಜರಡಿಯನ್ನು ಮುಚ್ಚಬಹುದು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿಟ್ಟು ಎಣ್ಣೆ, ಫಿಲ್ಟರ್ ಬದಲಿಸಿ. ನೀರು ಮತ್ತೆ ಕಂಡರೆ ಕೂಲೆಂಟ್ ಸೋರಿಕೆಯನ್ನು ಪರೀಕ್ಷಿಸಿ.

ಇಷ್ಟಾದರೂ ದೀಪ ಆರದಿದ್ದರೆ, ಸೆನ್ಸರ್ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಕೂರಿಸಿ ಅಳೆಯಿಸಿ. ಒತ್ತಡ ಸರಿಯಿದ್ದರೆ ಸೆನ್ಸರ್ ಅಥವಾ ವೈರಿಂಗ್ ಕೆಟ್ಟಿದೆ. ಇಲ್ಲದಿದ್ದರೆ ಎಂಜಿನ್ ಬಿಚ್ಚಿ ಪಂಪ್ ನೋಡಲೇಬೇಕು.