ಕೂಡಿ ನಡೆದರೆ ಮೈ ಹಗುರ, ಮನಸ್ಸೂ ಹಗುರ

‘ಸೋಮವಾರದಿಂದ ಡಯಟ್ಟು, ಇದು ಗ್ಯಾರಂಟಿ!’

ಹೀಗೆ ನಿಮಗೆ ನೀವೇ ಎಷ್ಟು ಸಲ ಹೇಳಿಕೊಂಡಿದ್ದೀರಿ? ನನಗಂತೂ ಲೆಕ್ಕ ತಪ್ಪಿದೆ. ಸೋಮವಾರ ರಾಗಿ ಗಂಜಿ, ಮಂಗಳವಾರ ಸೌತೆಕಾಯಿ. ಬುಧವಾರ ಮಗ ತಟ್ಟೆಯಲ್ಲಿ ಬಿಟ್ಟೆದ್ದ ಪೂರಿ, ‘ಅಯ್ಯೋ, ಚೆಲ್ಲೋದು ಹೇಗೆ’ ಅಂತ ನನ್ನ ಬಾಯಿಗೆ. ಗುರುವಾರಕ್ಕೆ ವ್ರತಭಂಗ!

ಎರಡನೇ ಹೆರಿಗೆಯಾದ ಮೇಲೆ ಏರಿದ ತೂಕ ಇಳಿಯಲೇ ಇಲ್ಲ. ಒಂದು ಮದುವೆ ಮನೆಯಲ್ಲಿ ದೂರದ ನೆಂಟರೊಬ್ಬರು ನನ್ನ ಹೊಟ್ಟೆ ನೋಡಿ, ‘ಏನಮ್ಮಾ, ಮತ್ತೆ ವಿಶೇಷನಾ?’ ಅಂದರು. ನಕ್ಕು ಸುಮ್ಮನಾದೆ. ಮನೆಗೆ ಬಂದು ಅತ್ತೆ.

ಆಮೇಲೆ ಒಂದು ದಿನ ಜೀನ್ ನಿಡೆಚ್ ಎಂಬಾಕೆಯ ಕಥೆ ಓದಿದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಗೃಹಿಣಿ. ತೂಕ 97 ಕೆ.ಜಿ. 1961ರಲ್ಲಿ ಅಂಗಡಿಯಲ್ಲಿ ಸಿಕ್ಕ ಪರಿಚಯದಾಕೆ, ‘ಹೆರಿಗೆ ಯಾವಾಗ?’ ಅಂತ ಕೇಳಿದರಂತೆ! ಜೀನ್ ಸರ್ಕಾರಿ ಕ್ಲಿನಿಕ್ಕಿಗೆ ಹೋಗಿ ಊಟದ ಪಟ್ಟಿ ತಂದರು. ಆದರೆ ಬಚ್ಚಲುಮನೆಯಲ್ಲಿ ಬಿಸ್ಕೆಟ್ ಬಚ್ಚಿಟ್ಟು ತಿನ್ನುವ ಚಾಳಿ ಬಿಡಲಾಗಲಿಲ್ಲ. ಕೊನೆಗೆ ಆರು ಜನ ಗೆಳತಿಯರನ್ನು ಮನೆಗೆ ಕರೆದು ಎಲ್ಲ ಹೇಳಿಕೊಂಡರು. ನೋಡಿದರೆ ಅವರದೂ ಅದೇ ಪಾಡು! ವಾರವಾರ ಸೇರತೊಡಗಿದರು. 1962ರ ಹೊತ್ತಿಗೆ ಜೀನ್ 64 ಕೆ.ಜಿ.ಗೆ ಇಳಿದಿದ್ದರು. 1963ರಲ್ಲಿ ಅದೇ ‘ವೇಟ್ ವಾಚರ್ಸ್’ ಎಂಬ ಸಂಸ್ಥೆಯಾಯಿತು.

ನಮ್ಮಲ್ಲಿ ಭಜನಾ ಮಂಡಳಿ ಇದೆ, ಚೀಟಿ ಗುಂಪು ಇದೆ. ತೂಕ ಇಳಿಸೋಕೆ ಒಂದು ಗುಂಪು ಯಾಕಾಗಬಾರದು ಅನ್ನಿಸಿತು.

ನಾವು ಮಾಡಿದ ತಪ್ಪು

ಮೈಸೂರಿನ ನಮ್ಮ ಬೀದಿಯ ಐವರು ಸೇರಿದೆವು. ಬೆಳಗ್ಗೆ ಐದೂಮುಕ್ಕಾಲಿಗೆ ನಮ್ಮನೆ ಗೇಟು, ಅಲ್ಲಿಂದ ಕುಕ್ಕರಹಳ್ಳಿ ಕೆರೆ ಏರಿ. ಭಾನುವಾರ ನಮ್ಮ ಹಾಲ್‌ನಲ್ಲಿ ತೂಕ ನೋಡೋದು. ಎಲ್ಲರ ತೂಕವನ್ನೂ ನಾನೇ ಗಟ್ಟಿಯಾಗಿ ಓದಿ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ತೂಕ ಏರಿದವರಿಗೆ ಹತ್ತು ರೂಪಾಯಿ ದಂಡ. ಮಜವಾಗಿತ್ತು, ನನಗೆ!

ಮೂಲೆಮನೆಯ ಗೆಳತಿ ಸತತ ಮೂರು ವಾರ ದಂಡ ಕಟ್ಟಿದಳು. ನಗುತ್ತಲೇ ಕಟ್ಟಿದಳು. ನಾಲ್ಕನೇ ವಾರ ಬರಲಿಲ್ಲ. ‘ಸೋಮಾರಿ’ ಅಂದುಕೊಂಡೆ. ಹದಿನೈದು ದಿನ ಬಿಟ್ಟು ಅವಳ ಮನೆಗೆ ಹೋದೆ. ಕಾಫಿ ಲೋಟ ಕೊಡುತ್ತಾ ಹೇಳಿದಳು: ‘ಮನೇಲಿ ಅತ್ತೆ ಅಂತಾರೆ, ನಮ್ಮೆಜಮಾನ್ರು ಅಂತಾರೆ. ನೀವೂ ಲೆಕ್ಕ ಓದೋಕೆ ಶುರು ಮಾಡಿದ್ರೆ ನಾನೆಲ್ಲಿಗೆ ಹೋಗ್ಲಿ, ಹೇಳಿ?’

ಆಗಲೇ ಡಾಕ್ಟರ ಹತ್ತಿರ ರಕ್ತಪರೀಕ್ಷೆ ಮಾಡಿಸಿದ್ದಳು. ಥೈರಾಯ್ಡ್ ಕಡಿಮೆ ಇತ್ತು. ಅಂದರೆ ನಾವು ದಂಡ ಹಾಕಿದ್ದು ಕಾಯಿಲೆಗೆ! ಮನೆಗೆ ಬಂದವಳೇ ಆ ನೋಟ್‌ಬುಕ್ ಹರಿದು ಹಾಕಿದೆ.

ಈಗ ನಮ್ಮದು ಒಂದೇ ನಿಯಮ. ತೂಕ ಅವರವರ ಗುಟ್ಟು. ಗುಂಪು ಎಣಿಸೋದು ಹಾಜರಿ ಮಾತ್ರ. ಗೇಟಿನ ಹತ್ತಿರ ನಾಲ್ವರು ಕಾಯ್ತಾ ಇದ್ದಾರೆ ಅಂದ್ರೆ ಹೊದಿಕೆ ತಾನಾಗೇ ಸರಿಯುತ್ತೆ. ಒಬ್ಬಳೇ ಆದಾಗ ಆಗದ್ದು ಗುಂಪಿನಲ್ಲಿ ಆಗೋದು ಅದಕ್ಕೇ.

ನೀವೂ ಶುರು ಮಾಡೋದಾದರೆ

* ನಾಲ್ಕರಿಂದ ಆರು ಜನ ಸಾಕು. ಹೆಚ್ಚಾದರೆ ಹರಟೆ ಜಾಸ್ತಿ, ನಡಿಗೆ ಕಮ್ಮಿ.

* ಮೊದಲು ಎಲ್ಲರೂ ಡಾಕ್ಟರಿಗೆ ತೋರಿಸಿಕೊಳ್ಳಿ. ಬಿ.ಪಿ., ಶುಗರ್, ಥೈರಾಯ್ಡ್, ಮಂಡಿನೋವು ಏನಿದೆ ಗೊತ್ತಿರಲಿ. ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಊಟ ಬಿಡಬಾರದು.

* ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷ ಆಗುತ್ತೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ ಸಾಕು.

* ತೂಕದ ಯಂತ್ರಕ್ಕಿಂತ ಟೈಲರ್ ಟೇಪ್ ವಾಸಿ. ನಮ್ಮ ದೇಶದ ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟದಿದ್ದರೆ ಒಳ್ಳೆಯದು. ಅಳತೆ ನಿಮ್ಮ ಡೈರಿಯಲ್ಲೇ ಇರಲಿ.

* ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಧಾರಾಳ. ಹತ್ತು ದಿನಕ್ಕೆ ಹತ್ತು ಕೆ.ಜಿ. ಅಂತ ಪುಡಿ, ಮಾತ್ರೆ ಮಾರೋಕೆ ಯಾರಾದರೂ ಗುಂಪು ಸೇರಲು ಬಂದರೆ ಕೈಮುಗಿದು ಕಳಿಸಿ.

* ಎಣ್ಣೆ ಡಬ್ಬದಿಂದ ನೇರವಾಗಿ ಸುರಿಯಬೇಡಿ, ಅಳೆದು ಹಾಕಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತೆ. ಕಾಫಿಗೆ ಹಾಕೋ ಒಂದು ಚಿಕ್ಕ ಚಮಚ ಸಕ್ಕರೆಯಲ್ಲಿ 20. ದಿನಕ್ಕೆ ನಾಲ್ಕು ಕಾಫಿ ಕುಡಿಯೋರು ಲೆಕ್ಕ ಹಾಕಿಕೊಳ್ಳಿ!

* ವಾಕಿಂಗ್ ಮುಗಿಸಿ ಗುಂಪಾಗಿ ಹೋಟೆಲಿಗೆ ನುಗ್ಗಬೇಡಿ. ನಾವು ಮೊದಲ ವಾರ ಮಾಡಿದ್ದು ಅದನ್ನೇ. ಅರ್ಧ ಗಂಟೆ ನಡೆದು ಕರಗಿಸಿದ್ದು ಒಂದು ಮಸಾಲೆ ದೋಸೆಗೆ ಸಾಲೋದಿಲ್ಲ ಕಣ್ರೀ.

* ಹಬ್ಬಕ್ಕೆ ಒಪ್ಪಂದ ಮಾಡಿಕೊಳ್ಳಿ. ದಸರೆ ಗೊಂಬೆ ನೋಡಲು ಬಂದವರಿಗೆ ನಾವೈವರೂ ಕಡಲೆಕಾಳು ಉಸಲಿ ಕೊಡುತ್ತೇವೆ. ಸಿಹಿ ಹಬ್ಬದ ದಿನ, ಒಂದೇ ಒಂದು.

* ಮಕ್ಕಳು ಬಿಟ್ಟದ್ದನ್ನು ತಿನ್ನೋದು ನಿಲ್ಲಿಸಿ. ನಮ್ಮ ಹೊಟ್ಟೆ ಕಸದಬುಟ್ಟಿ ಅಲ್ಲ. ಬಡಿಸುವಾಗಲೇ ಕಡಿಮೆ ಹಾಕಿದರಾಯಿತು.

‘ಅಷ್ಟು ಬೆಳಗ್ಗೆ ಡಬ್ಬಿ ಕಟ್ಟೋರ್ಯಾರು?’ ಅಂತೀರಾ? ಇದನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ. ನಮ್ಮನೆಯಲ್ಲಿ ತರಕಾರಿ ರಾತ್ರಿಯೇ ಹೆಚ್ಚಿಡುತ್ತೇನೆ, ಮಕ್ಕಳನ್ನು ಎಬ್ಬಿಸೋ ಕೆಲಸ ಯಜಮಾನರದು. ಮೊದಲ ವಾರ ಗೊಣಗಿದರು. ಈಗ ಹಾಲೂ ಅವರೇ ಕಾಯಿಸುತ್ತಾರೆ.

ಎಂಟು ತಿಂಗಳಲ್ಲಿ ನಾನು ಐದು ಕೆ.ಜಿ. ಇಳಿದೆ. ಭಾರೀ ಸಾಧನೆಯೇನಲ್ಲ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ, ಹಳೇ ರವಿಕೆಗಳ ಹೊಲಿಗೆ ಬಿಚ್ಚಬೇಕಿಲ್ಲ. ಮೂಲೆಮನೆಯ ಗೆಳತಿ ಎಷ್ಟು ಇಳಿದಳು ಅಂತ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಮಾತ್ರೆ ನುಂಗಿ, ಈಗ ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ನಿಂತಿರುತ್ತಾಳೆ. ‘ಏಳ್ರೀ, ಹೊತ್ತಾಯ್ತು’ ಅಂತ ನನ್ನನ್ನೇ ಕೂಗುತ್ತಾಳೆ.

ಇವತ್ತು ಸಂಜೆ ಪಕ್ಕದ ಮನೆ ಬಾಗಿಲು ತಟ್ಟಿ, ‘ನಾಳೆ ಬೆಳಗ್ಗೆ ವಾಕಿಂಗ್ ಬರ್ತೀರಾ?’ ಅಂತ ಕೇಳಿ ನೋಡಿ. ಸೋಮವಾರಕ್ಕೆ ಮಾತ್ರ ಕಾಯಬೇಡಿ!