ಕನ್ನಡಕ ಎಲ್ಲಿ ಹೋಯಿತು?

1965ರ ಜನವರಿಯಲ್ಲಿ ಬಾರ್ಬರಾ ರಾಬ್ ಎಂಬ ಮನೋಚಿಕಿತ್ಸಕಿ, ಪರಿಚಯದ ಒಬ್ಬ ವೃದ್ಧೆಯನ್ನು ನೋಡಿಬರಲು ಉತ್ತರ ಲಂಡನ್ನಿನ ಫ್ರಿಯರ್ನ್ ಆಸ್ಪತ್ರೆಗೆ ಹೋದರು. 1851ರಲ್ಲಿ ಕೋಲ್ನಿ ಹ್ಯಾಚ್ ಹುಚ್ಚಾಸ್ಪತ್ರೆ ಎಂಬ ಹೆಸರಲ್ಲಿ ಶುರುವಾದ ಕಟ್ಟಡ ಅದು. ಅದರ ನಡುವಿನ ಒಂದೇ ಮೊಗಸಾಲೆ ಅರ್ಧ ಕಿಲೋಮೀಟರಿಗಿಂತ ಉದ್ದ. ವೃದ್ಧೆಯರ ವಾರ್ಡಿನಲ್ಲಿ ರಾಬ್ ತಾವು ಹುಡುಕಿಕೊಂಡು ಬಂದಾಕೆಯನ್ನು ಕಂಡಾಗ ಬೆಚ್ಚಿದರು. ಆಕೆಯ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದರು. ಸುತ್ತ ಇದ್ದವರ ತಲೆಗಳೂ ಹಾಗೇ ಇದ್ದವು. ಕನ್ನಡಕವಿಲ್ಲ, ಹಲ್ಲು ಸೆಟ್ ಇಲ್ಲ, ಕಿವಿ ಕೇಳದವರಿಗೆ ಕಿವಿಯ ಮಿಷನ್ ಇಲ್ಲ. ಮೈಮೇಲಿನ ಬಟ್ಟೆಯೂ ಸ್ವಂತದ್ದಲ್ಲ. ಕೂತು ಕಾಲ ಕಳೆಯುವುದನ್ನು ಬಿಟ್ಟರೆ ಬೇರೆ ಕೆಲಸವೂ ಇಲ್ಲ.

ಅಲ್ಲಿ ಯಾರೂ ಇದನ್ನು ಕ್ರೌರ್ಯವೆಂದು ತಿಳಿದು ಮಾಡುತ್ತಿರಲಿಲ್ಲ ಎಂಬುದೇ ನನಗೆ ಹೆಚ್ಚು ಕಾಡುವ ಸಂಗತಿ. ವಾರ್ಡು ಕಿಕ್ಕಿರಿದಿತ್ತು, ಸಿಬ್ಬಂದಿ ಸಾಲದು. ಕನ್ನಡಕವಿದ್ದರೆ ಒಡೆಯುತ್ತದೆ, ಹಲ್ಲು ಸೆಟ್ ಅದಲುಬದಲಾಗುತ್ತದೆ, ಎಲ್ಲವನ್ನೂ ತೆಗೆದಿಟ್ಟುಬಿಟ್ಟರೆ ತಲೆನೋವಿಲ್ಲ. ಆಮೇಲೆ ಏನಾಗುತ್ತದೆ ಎಂದು ಒಂದು ಗಳಿಗೆ ಯೋಚಿಸಿ ನೋಡಿ. ಕನ್ನಡಕ ಹೋದಾಕೆಗೆ ಪತ್ರಿಕೆ ಓದಲಾಗದು, ಎದುರು ಬಂದವರ ಗುರುತು ಹತ್ತದು. ಕಿವಿಯ ಮಿಷನ್ ಹೋದಾಕೆ ಕೇಳಿದ ಪ್ರಶ್ನೆಗೆ ಏನೋ ಉತ್ತರ ಕೊಡುತ್ತಾಳೆ. ಹಲ್ಲಿಲ್ಲದಾಕೆಯ ಮಾತು ತೊದಲುತ್ತದೆ, ಊಟ ಸೇರದೆ ಮೈ ಇಳಿಯುತ್ತದೆ. ಅವಳಿಗೆ ಅರಳು ಮರಳು ಎಂದು ಬರೆದುಕೊಳ್ಳುವುದಕ್ಕೆ ಇನ್ನೇನು ಬೇಕು? ಹಾಗೆ ಬರೆದ ಮೇಲೆ ಅವಳು ಏನು ದೂರಿದರೂ ಅದು ಅರಳು ಮರಳಿನ ಮಾತೇ. ದೀರ್ಘಕಾಲ ಆಸ್ಪತ್ರೆಯಲ್ಲಿದ್ದವರ ಜಡತೆಗೆ ಕಾಯಿಲೆಗಿಂತ ಆಸ್ಪತ್ರೆಯೇ ಹೆಚ್ಚಾಗಿ ಕಾರಣ ಎಂಬುದನ್ನು ರಸೆಲ್ ಬಾರ್ಟನ್ ಎಂಬ ಮನೋವೈದ್ಯರು 1959ರಲ್ಲೇ ಪುಸ್ತಕ ಬರೆದು ತೋರಿಸಿಕೊಟ್ಟಿದ್ದರು. ವೈದ್ಯರ ವಲಯದಲ್ಲಿ ಅದನ್ನು ಓದಿದವರೂ ಇದ್ದರು. ವಾರ್ಡಿನಲ್ಲಿ ಮಾತ್ರ ಕನ್ನಡಕ ವಾಪಸು ಬಂದಿರಲಿಲ್ಲ.

ರಾಬ್ ಮನೆಗೆ ಬಂದು ಮಾಡಿದ ಮೊದಲ ಕೆಲಸ, ಕಂಡದ್ದನ್ನು ಬರೆದಿಟ್ಟದ್ದು. ಮತ್ತೆ ಮತ್ತೆ ಹೋದರು, ಹೋದಾಗಲೆಲ್ಲ ದಿನಚರಿ ಬರೆದರು. ಯಾವ ದಿನ, ಯಾರು ಏನೆಂದರು, ಯಾರ ಮೈಮೇಲೆ ಏನಿತ್ತು, ಎಲ್ಲವೂ ಅದರಲ್ಲಿ ದಾಖಲಾಯಿತು. ಗಂಡ ಬ್ರಯಾನ್ ರಾಬ್ ಚಿತ್ರಕಲಾವಿದ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಅವರ ಮನೆಯೇ ಕಚೇರಿಯಾಗಿ, ಸರ್ಕಾರಿ ಸಂಸ್ಥೆಗಳಲ್ಲಿರುವ ವೃದ್ಧರ ನೆರವಿಗೆಂದು 'ಈಜಿಸ್' ಎಂಬ ಪುಟ್ಟ ಸಂಘಟನೆ ಹುಟ್ಟಿತು. 1965ರ ನವೆಂಬರ್ 10ರಂದು 'ದಿ ಟೈಮ್ಸ್' ಪತ್ರಿಕೆಯಲ್ಲಿ ಒಂದು ಪತ್ರ ಬಂತು. ಸಹಿ ಹಾಕಿದವರಲ್ಲಿ ಲಾರ್ಡ್ ಸಭೆಯ ಸದಸ್ಯರಿದ್ದರು, ಸಮಾಜನೀತಿ ತಜ್ಞ ಬ್ರಯಾನ್ ಏಬಲ್-ಸ್ಮಿತ್ ಇದ್ದರು, ಮಕ್ಕಳ ಪುಸ್ತಕಗಳ ಚಿತ್ರಕಾರ ಎಡ್ವರ್ಡ್ ಆರ್ಡಿಝೋನ್ ಕೂಡ ಇದ್ದರು. ವೃದ್ಧರ ಕನ್ನಡಕ, ಹಲ್ಲು ಸೆಟ್, ಕಿವಿಯ ಮಿಷನ್ ಕಿತ್ತುಕೊಳ್ಳುವ ಪದ್ಧತಿಯನ್ನು ಹೆಸರಿಟ್ಟು ಹೇಳಿ, ಇಂಥದ್ದು ಕಂಡವರು ತಮಗೆ ಬರೆಯಿರಿ ಎಂದು ಕೇಳಿಕೊಂಡಿದ್ದರು. ನೂರಾರು ಪತ್ರಗಳು ಬಂದವು. ಫ್ರಿಯರ್ನ್‌ನಲ್ಲಿ ಕಂಡದ್ದು ಒಂದು ವಾರ್ಡಿನ ಕತೆಯಲ್ಲ ಎಂದು ರಾಬ್‌ಗೆ ಖಾತ್ರಿಯಾದದ್ದು ಆಗಲೇ.

ಅವರ ಪುಸ್ತಕ 'ಸಾನ್ಸ್ ಎವ್ರಿಥಿಂಗ್' 1967ರ ಜೂನ್ 30ರಂದು ಹೊರಬಂತು. ಅದರಲ್ಲಿ ದಾದಿಯರು, ಸಮಾಜ ಕಾರ್ಯಕರ್ತರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ತಾವೇ ಕಂಡ ಹೊಡೆತ, ಬೈಗುಳ, ಅವಮಾನಗಳನ್ನು ಹೇಳಿಕೊಂಡಿದ್ದರು. ಗದ್ದಲವೆದ್ದಿತು. ಆರೋಗ್ಯ ಸಚಿವ ಕೆನೆತ್ ರಾಬಿನ್ಸನ್ ತನಿಖೆಗೆ ಆದೇಶಿಸಿದರು. ಆದರೆ ತನಿಖಾ ಸಮಿತಿಗಳನ್ನು ನೇಮಿಸಿದ್ದು ಆ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಪ್ರಾದೇಶಿಕ ಮಂಡಳಿಗಳೇ! ಒಂದೊಂದು ಆರೋಪವನ್ನೂ ಬಿಡಿಬಿಡಿಯಾಗಿ ಎತ್ತಿಕೊಂಡು, ಸಾಕ್ಷಿ ಸಾಲದು ಎಂದು ಬದಿಗಿಟ್ಟರು. ವಾರ್ಡಿನಲ್ಲಿದ್ದ ವೃದ್ಧರ ಮಾತಿಗೆ ಬೆಲೆ ಬರಲಿಲ್ಲ, ಸಿಬ್ಬಂದಿಯ ಮಾತಿಗೆ ಬಂತು. 1968ರ ಜುಲೈನಲ್ಲಿ ಬಂದ ಶ್ವೇತಪತ್ರ ಆರೋಪಗಳನ್ನು ಬಹುಮಟ್ಟಿಗೆ ತಳ್ಳಿಹಾಕಿತು. ಬೇಲಿಯೇ ಹೊಲ ಮೇಯ್ದಿದೆಯೇ ಎಂದು ಬೇಲಿಯನ್ನೇ ಕೇಳಿದ ಹಾಗಾಯಿತು. ಮೂರು ವರ್ಷ ಹಗಲಿರುಳು ದುಡಿದ ರಾಬ್, ಸರ್ಕಾರದ ಕಾಗದದಲ್ಲಿ ಉತ್ಪ್ರೇಕ್ಷೆ ಮಾಡುವ ಹೆಂಗಸಾದರು.

ಅಷ್ಟರಲ್ಲಿ ಇನ್ನೊಂದು ಕಡೆ ಇನ್ನೊಬ್ಬರು ಬಾಯಿ ಬಿಟ್ಟಿದ್ದರು. ವೇಲ್ಸಿನ ಕಾರ್ಡಿಫ್‌ನಲ್ಲಿ ಬುದ್ಧಿಮಾಂದ್ಯರಿಗೆಂದೇ ಇದ್ದ ಈಲೀ ಆಸ್ಪತ್ರೆಯ ಒಬ್ಬ ಸಹಾಯಕ ದಾದಿ, ಒಳಗಿನ ದೌರ್ಜನ್ಯವನ್ನು 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಗೆ ತಿಳಿಸಿದ್ದರು. 1967ರ ಆಗಸ್ಟ್‌ನಲ್ಲಿ ಅದು ಅಚ್ಚಾಯಿತು. ವಿಚಾರಣೆಗೆ ನೇಮಕವಾದ ಸಮಿತಿಯ ಅಧ್ಯಕ್ಷರು ಜೆಫ್ರಿ ಹೌ, ಮುಂದೆ ಮಾರ್ಗರೆಟ್ ಥ್ಯಾಚರ್ ಸಂಪುಟದಲ್ಲಿ ಹಣಕಾಸು ಸಚಿವರಾದ ವಕೀಲರು. ವರದಿಯಲ್ಲಿ ಆ ದಾದಿಯ ಹೆಸರಿಲ್ಲ, 'ಎಕ್ಸ್‌ವೈ' ಎಂದಷ್ಟೇ ಇದೆ. ಆತ ಹೇಳಿದ್ದು ಬಹುಪಾಲು ನಿಜವೆಂದು ಹೌ ಕಂಡುಕೊಂಡರು. ರೋಗಿಗಳ ಪಾಲಿನ ಆಹಾರ ಕಳವಾಗುತ್ತಿತ್ತು, ಅವರ ಮೇಲೆ ಕೈಮಾಡಿದ್ದೂ ಇತ್ತು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದೆ ದೂರು ಕೊಟ್ಟವರಿಗೆ ಏನಾಗಿತ್ತು ಎಂದು ಕೆದಕಿದರು. ದೂರು ಕೇಳುವವರಿರಲಿಲ್ಲ, ಕೊಟ್ಟವರಿಗೇ ಕಿರುಕುಳವಾಗಿತ್ತು. ನನ್ನ ಲೆಕ್ಕದಲ್ಲಿ ಇಡೀ ಕತೆಯ ನಿಜವಾದ ಆವಿಷ್ಕಾರ ಇದು. ಹೊಡೆದವನೊಬ್ಬನನ್ನು ಹಿಡಿದರೆ ಮುಗಿಯಲಿಲ್ಲ. ಹೊಡೆತ ವರ್ಷಗಟ್ಟಲೆ ಹೊರಗೆ ಬಾರದಂತೆ ಆಸ್ಪತ್ರೆಯ ಆಡಳಿತವೇ ಇತ್ತು ಎಂಬುದನ್ನು ಹೌ ಬರೆದಿಟ್ಟರು.

ವರದಿಯ ಸಾರಾಂಶವನ್ನಷ್ಟೇ ಬಿಟ್ಟರೆ ಸಾಕು ಎಂಬ ಒತ್ತಾಯವಿತ್ತು. ಆ ಹೊತ್ತಿಗೆ ಆರೋಗ್ಯ ಖಾತೆ ಹೊತ್ತಿದ್ದ ರಿಚರ್ಡ್ ಕ್ರಾಸ್‌ಮನ್ ಒಪ್ಪಲಿಲ್ಲ. 1969ರ ಮಾರ್ಚ್ 27ರಂದು ವರದಿ ಇಡಿಯಾಗಿ ಹೊರಬಿತ್ತು. ಅದೇ ವರ್ಷ, ಹೊರಗಿನವರು ಆಸ್ಪತ್ರೆಗಳಿಗೆ ಹೋಗಿ ಕಣ್ಣಾರೆ ನೋಡಿಬರುವ ಸಲಹಾ ಸೇವೆಯೊಂದನ್ನು ಕ್ರಾಸ್‌ಮನ್ ಶುರುಮಾಡಿದರು. ಆಸ್ಪತ್ರೆಯ ಮೇಲಿನ ದೂರು ಕೇಳಲು ಸ್ವತಂತ್ರ ಆಯುಕ್ತರು ಬೇಕೆಂದು ರಾಬ್ ಮತ್ತು ಏಬಲ್-ಸ್ಮಿತ್ ಹಟ ಹಿಡಿದಿದ್ದರು. ಅಂಥ ಹುದ್ದೆ 1973ರ ಕಾಯ್ದೆಯಿಂದ ಬಂತು. ರಾಬ್ 1976ರಲ್ಲಿ ತೀರಿಕೊಂಡರು.

ಆಸ್ಪತ್ರೆಯ ಗೋಡೆಯಾಚೆ, ಮನೆಯೊಳಗೆ ವೃದ್ಧರ ಮೇಲೆ ನಡೆಯುವ ಹೊಡೆತ ವೈದ್ಯರ ಕಣ್ಣಿಗೆ ಬಿದ್ದದ್ದು 1975ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಒಬ್ಬ ವೈದ್ಯರು ಬರೆದ ಪುಟ್ಟ ಪತ್ರದಿಂದ. ಆದರೂ ಇಂಗ್ಲೆಂಡಿನ ಆರೋಗ್ಯ ಇಲಾಖೆ ಈ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ತರಲು 2000ನೇ ಇಸವಿ ಬರಬೇಕಾಯಿತು. ಮಾರ್ಗಸೂಚಿಯೇನೋ ಬಂತು, ಅದಕ್ಕೆ ಕಾಯ್ದೆಯ ಪೂರ್ಣ ಬಲವಿರಲಿಲ್ಲ.

ಬಲವಿಲ್ಲದ್ದರ ಬೆಲೆ ಏನೆಂದು ವಿಂಟರ್‌ಬೋರ್ನ್ ವ್ಯೂ ತೋರಿಸಿತು. ಬ್ರಿಸ್ಟಲ್ ಬಳಿಯ 24 ಹಾಸಿಗೆಯ ಖಾಸಗಿ ಆಸ್ಪತ್ರೆ ಅದು. ಕಲಿಕೆಯ ನ್ಯೂನತೆ, ಆಟಿಸಂ ಇದ್ದ ದೊಡ್ಡವರನ್ನು ಸರ್ಕಾರದ ದುಡ್ಡಿನಲ್ಲಿ ಅಲ್ಲಿ ಇರಿಸುತ್ತಿದ್ದರು. ತಲೆಗೆ ವಾರಕ್ಕೆ ಸರಾಸರಿ 3,500 ಪೌಂಡ್. ಟೆರಿ ಬ್ರಯನ್ ಎಂಬ ಹಿರಿಯ ದಾದಿ 2010ರ ಅಕ್ಟೋಬರಿನಲ್ಲಿ ಅಲ್ಲಿನ ದೌರ್ಜನ್ಯದ ಬಗ್ಗೆ ಮೇಲಿನವರಿಗೆ ಬರೆದರು, ಆಮೇಲೆ ಸರ್ಕಾರಿ ತಪಾಸಣಾ ಆಯೋಗಕ್ಕೂ ತಿಳಿಸಿದರು. ಯಾರೂ ಕದಲಲಿಲ್ಲ. ಕೊನೆಗೆ ಬಿಬಿಸಿಯ 'ಪನೋರಮಾ' ತಂಡದ ಜೋ ಕೇಸಿ ಅಲ್ಲಿ ಕೆಲಸಕ್ಕೆ ಸೇರಿ, ಬಟ್ಟೆಯಲ್ಲಿ ಕ್ಯಾಮೆರಾ ಅಡಗಿಸಿಕೊಂಡು ಐದು ವಾರ ದುಡಿದರು. 2011ರ ಮೇ 31ರಂದು ದೇಶವೇ ನೋಡಿತು. ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಆರು ಮಂದಿ ಜೈಲಿಗೆ ಹೋದರು.

ಆಮೇಲೆ ಮಾರ್ಗರೆಟ್ ಫ್ಲಿನ್ ಬರೆದ ಪರಿಶೀಲನಾ ವರದಿಯನ್ನು ಓದಿದರೆ ಸಂಕಟವಾಗುತ್ತದೆ. ಮೂರೂವರೆ ವರ್ಷದೊಳಗೆ ಸ್ಥಳೀಯ ಆಡಳಿತಕ್ಕೆ 40 ಎಚ್ಚರಿಕೆಗಳು ಹೋಗಿದ್ದವು. ಪೊಲೀಸರ ಬಳಿ ಒಂದಷ್ಟು ಮಾಹಿತಿಯಿತ್ತು, ರೋಗಿಗಳನ್ನು ಮತ್ತೆ ಮತ್ತೆ ಕರೆತರುತ್ತಿದ್ದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಒಂದಷ್ಟಿತ್ತು, ಆಯೋಗದ ಕಡತದಲ್ಲಿ ಒಂದಷ್ಟಿತ್ತು. ಪ್ರತಿಯೊಂದನ್ನೂ ಬಿಡಿ ಘಟನೆಯೆಂದು ನೋಡಿ ಕಡತ ಮುಚ್ಚಿದ್ದರು. ನಲವತ್ತನ್ನೂ ಒಂದೇ ಮೇಜಿನ ಮೇಲೆ ಹರವಿ ನೋಡಿದವರು ಯಾರೂ ಇರಲಿಲ್ಲ. ನಲವತ್ತಮೂರು ವರ್ಷ ಹಿಂದೆ ರಾಬ್ ಅವರ ಪುಸ್ತಕವನ್ನು ಮಣಿಸಿದ್ದೂ ಇದೇ ರೀತಿಯ ಓದು.

2014ರ ಕೇರ್ ಕಾಯ್ದೆ ಹುಟ್ಟಿದ್ದು ಈ ಅನುಭವಗಳ ಹಿನ್ನೆಲೆಯಲ್ಲಿ. ಮುಂದಿನ ವರ್ಷದ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಅದರ 42ನೇ ಕಲಮಿನ ಪ್ರಕಾರ ಆರೈಕೆಯ ಅಗತ್ಯವಿರುವ ವಯಸ್ಕರೊಬ್ಬರು ದೌರ್ಜನ್ಯಕ್ಕೋ ನಿರ್ಲಕ್ಷ್ಯಕ್ಕೋ ಗುರಿಯಾಗಿದ್ದಾರೆ ಅಥವಾ ಆಗಬಹುದು, ತಮ್ಮನ್ನು ತಾವು ಕಾಪಾಡಿಕೊಳ್ಳಲಾರರು ಎಂಬ ಸಕಾರಣ ಅನುಮಾನ ಬಂದರೆ ಸಾಕು, ಸ್ಥಳೀಯ ಆಡಳಿತ ವಿಚಾರಿಸಲೇಬೇಕು. ರುಜುವಾತು ತಂದ ಮೇಲೆ ನೋಡೋಣ ಎನ್ನುವಂತಿಲ್ಲ. ಸ್ಥಳೀಯ ಆಡಳಿತ, ಪೊಲೀಸರು, ಆರೋಗ್ಯ ಸೇವೆಯವರು ಕೂತು ಮಾಹಿತಿ ಕೂಡಿಸುವ ಮಂಡಳಿಯೂ ಕಡ್ಡಾಯವಾಯಿತು.

ಇಂದು ಇಂಗ್ಲೆಂಡಿನ ಕೇರ್ ಹೋಮುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರ ಪ್ರಾಥಮಿಕ ತರಬೇತಿಯಲ್ಲಿ ಆರೈಕೆಯ ಹೊಣೆ, ವಯಸ್ಕರ ರಕ್ಷಣೆ ಎರಡೂ ಪಾಠಗಳಿವೆ. ಅಜ್ಜಿಯ ತೋಳಿನಲ್ಲಿ ಕಂದಿದ ಗುರುತು ಕಂಡರೆ ಏನು ಮಾಡಬೇಕೆಂದು ಅಲ್ಲಿ ಹೇಳಿಕೊಡುತ್ತಾರೆ. ಅಡ್ಡಪ್ರಶ್ನೆ ಹಾಕಬೇಡಿ, ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ದಿನಾಂಕ, ಹೊತ್ತು, ಸಹಿ ಹಾಕಿ, ಅಂದೇ ಮೇಲಿನವರಿಗೆ ತಿಳಿಸಿ. ಮೇಲಿನವರ ಮೇಲೇ ಅನುಮಾನವಿದ್ದರೆ ಅವರನ್ನು ದಾಟಿ ಸ್ಥಳೀಯ ಆಡಳಿತಕ್ಕೋ ಆಯೋಗಕ್ಕೋ ಹೇಳಿ.

2022ರಲ್ಲಿ ಆರೈಕೆ ಕೆಲಸಗಾರರಿಗೆ ವೀಸಾ ಬಾಗಿಲು ತೆರೆದಾಗ ಭಾರತದಿಂದ ಸಾವಿರಾರು ಜನ ಅಲ್ಲಿಗೆ ಹೋದರು. ಅವರಲ್ಲಿ ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಇದ್ದಾರೆ. ಅವರ ವೀಸಾ ಕೆಲಸ ಕೊಟ್ಟ ಮಾಲೀಕರಿಗೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಪ್ರಾಯೋಜಕರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಒಳಗಿನ ಅನ್ಯಾಯವನ್ನು ಹೊರಗೆ ಹೇಳಿದ ನೌಕರರಿಗೆ ರಕ್ಷಣೆ ಕೊಡುವ ಕಾಯ್ದೆ ಬ್ರಿಟನ್ನಿನಲ್ಲಿ 1998ರಿಂದಲೂ ಇದೆ. ಆದರೆ ಸಾಲ ಮಾಡಿ ವಿಮಾನ ಹತ್ತಿದ ಹುಡುಗಿಯೊಬ್ಬಳು ಆ ಕಂದಿದ ಗುರುತನ್ನು ಬರೆದಿಡಲು ಪೆನ್ನು ಎತ್ತಿಕೊಳ್ಳುವಾಗ ಲೆಕ್ಕ ಹಾಕುವುದು ಆ ಅರವತ್ತು ದಿನಗಳನ್ನೇ. ಈಲೀಯಲ್ಲಿ ದೂರು ಕೊಟ್ಟವರ ಪಾಡೇನಾಯಿತೆಂದು ಹೌ ಕೆದಕಿದ ಹಾಗೆ, ಈಕೆಯ ಪಾಡನ್ನೂ ಯಾರಾದರೂ ಕೂತು ವಿಚಾರಿಸಬೇಕಾಗಿದೆ.