ಬೇಲಿಯೂ ನೆರೆಹೊರೆಯೂ

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ನಾವು ಕಾಯಬೇಕಾದವನೇ ಕಳ್ಳನಾದ ಸಂದರ್ಭಗಳಲ್ಲಿ ಬಳಸುವುದುಂಟು. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ಕಡೆ ಹೊಲವುಳ್ಳವರಿಗೆ ಇದು ಕೇವಲ ಅಲಂಕಾರದ ಮಾತಲ್ಲ. ಕಣ್ಣೆದುರಿಗೆ ನಡೆಯುವ ಸಂಗತಿ. ನಾಲ್ಕಾರು ವರ್ಷ ಮಚ್ಚು ಕಾಣದ ಬೇಲಿಯು ಪಕ್ಕದ ರಾಗಿಯ ಸಾಲುಗಳಿಗೆ ನೆರಳು ಕವಿಸಿ, ಬೇರು ಚಾಚಿ ತೇವವನ್ನು ಹೀರಿ, ಉಳುವವನನ್ನು ಸ್ವಲ್ಪಸ್ವಲ್ಪವಾಗಿ ಒಳಕ್ಕೆ ತಳ್ಳುತ್ತದೆ. ಪಟ್ಟಣದಲ್ಲಿ ಮನೆ ಮಾಡಿ, ಊರಿನ ಜಮೀನನ್ನು ಅಣ್ಣತಮ್ಮಂದಿರ ಮೇಲ್ವಿಚಾರಣೆಗೆ ಬಿಟ್ಟಿರುವ ನಮ್ಮಂಥವರಿಗೆ ಇದು ತಿಳಿಯುವುದು ನೆರೆಯವರ ದೂರು ಬಂದ ಮೇಲೆಯೇ. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಮಾಡುವುದು ಅನುಚಿತವಾಗಲಾರದು.

ನಷ್ಟದ ಪ್ರಮಾಣವನ್ನು ಮೊದಲು ನೋಡೋಣ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಎಂದರೆ 1,089 ಚದರಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಈಗ 363 ಅಡಿ ಉದ್ದದ ಬೇಲಿಯೊಂದು ಪಕ್ಕಕ್ಕೆ ಮೂರೇ ಅಡಿ ಹರಡಿತೆಂದು ಎಣಿಸಿ. ಗುಣಿಸಿದರೆ ಸರಿಯಾಗಿ ಒಂದು ಗುಂಟೆ ಹೋಯಿತು! ಮೂರಡಿಗೆ ಜಗಳವೇ ಎಂದು ನಗುವವರು, ಒಂದೆರಡು ಎಕರೆಯಲ್ಲಿ ಸಂಸಾರ ಸಾಗಿಸುವವನ ಲೆಕ್ಕವನ್ನು ಮರೆತು ನಗುತ್ತಾರೆ.

ಇಂಥ ವ್ಯಾಜ್ಯಗಳ ಮೂಲದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಬೇಲಿಯೇ ಗಡಿಯೆಂದು ನಾವು ಭಾವಿಸುತ್ತೇವೆ. ಗಡಿಯಾದರೋ ಒಂದು ರೇಖೆ. ಅದು ಮೈಸೂರು ಸೀಮೆಯಲ್ಲಿ 1863ರಿಂದ ಆರಂಭವಾದ ಕಂದಾಯದ ಮೋಜಣಿಯಿಂದ ಬಂದ ನಕ್ಷೆಗಳಲ್ಲಿಯೂ, ನೆಲದಲ್ಲಿ ನೆಟ್ಟ ಬಾಂದುಕಲ್ಲುಗಳಲ್ಲಿಯೂ ಇರುತ್ತದೆ, ಬೆಳೆಯುವುದಿಲ್ಲ. ಬೇಲಿಯಾದರೋ ಜೀವವುಳ್ಳದ್ದು; ಬೆಳೆಯದೆ ಇರಲಾರದು. ಹಿರಿಯರು ಅದನ್ನು ಬದುವಿನ ನಡುವೆ ನೆಟ್ಟಿರಬಹುದು. ನೆರೆಯವನಿಗೆ ತೊಂದರೆಯಾಗದಿರಲೆಂದು ತಮ್ಮ ನೆಲದೊಳಗೇ ಒಂದು ಮೊಳ ಬಿಟ್ಟು ನೆಟ್ಟಿರಲೂಬಹುದು. ಮೂರು ತಲೆಮಾರು ಕಳೆದ ಮೇಲೆ ಬಾಂದುಕಲ್ಲು ಪೊದೆಯೊಳಗೆ ಮುಚ್ಚಿಹೋಗಿ, ಪೊದೆಯ ಅಂಚೇ ಗಡಿಯೆಂಬ ವಾದ ಹುಟ್ಟುತ್ತದೆ. ಇಂಥಲ್ಲಿ ಬೇಲಿಯ ಮಾತಿಗೆ ಮೊದಲು ಗಡಿಯ ಮಾತು ಮುಗಿಯಬೇಕು. ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿಕೊಂಡರೆ ಮೋಜಣಿದಾರರು ಅಳೆದು ಗಡಿಯನ್ನು ತೋರಿಸುತ್ತಾರೆ. ಅಳತೆಯ ದಿನ ಇಬ್ಬರೂ ಹಾಜರಿರುವುದು ಲೇಸು.

ಎಲ್ಲ ಬೇಲಿಗಳ ಸ್ವಭಾವವೂ ಒಂದೇ ಅಲ್ಲ. ಕತ್ತಾಳೆ ನಾರು ಕೊಡುತ್ತದೆ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತದೆ, ಬೀಜದಿಂದ ಎಣ್ಣೆ ಬರುತ್ತದೆ. ಕಳ್ಳಿಯನ್ನು ದನಕರುಗಳು ಮುಟ್ಟವು. ಆದರೆ ಕಡಿಯುವಾಗ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯವುಂಟು. ಲಂಟಾನವಂತೂ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದು, ಹಕ್ಕಿಗಳ ಮೂಲಕ ದೇಶವನ್ನೆಲ್ಲ ಹಬ್ಬಿತು. ಅದನ್ನು ಮೇಲೆ ಸವರಿದರೆ ಮತ್ತಷ್ಟು ದಟ್ಟವಾಗಿ ಚಿಗುರುತ್ತದೆ. ಬುಡವನ್ನು ಅಗೆದು ತೆಗೆಯದೆ ಗತ್ಯಂತರವಿಲ್ಲ. ಹಿಂದೆ ಪಾಪಾಸುಕಳ್ಳಿಯೂ ಹೀಗೆಯೇ ಬೇಲಿಯಿಂದ ಬಯಲಿಗಿಳಿದು ದಕ್ಷಿಣ ದೇಶದ ಎಷ್ಟೋ ನೆಲವನ್ನು ಆಕ್ರಮಿಸಿತ್ತು. 1926ರಲ್ಲಿ ಸಿಂಹಳದಿಂದ ತರಿಸಿದ ಒಂದು ಸಣ್ಣ ಕೀಟ ಅದನ್ನು ತಿಂದು ಹತೋಟಿಗೆ ತಂದಿತು. ಆದರೆ ಎಲ್ಲ ಬೇಲಿಗೂ ಇಂಥ ಕೀಟ ದೊರೆಯುವುದಿಲ್ಲ. ಮನುಷ್ಯನ ಕೈಯೇ ಆ ಕೆಲಸ ಮಾಡಬೇಕು.

ಬೇಲಿಯಲ್ಲಿ ಶ್ರೀಗಂಧದ ಗಿಡವಿದ್ದರೆ ತೊಡಕು ಹೆಚ್ಚು. ಹಕ್ಕಿಗಳು ಉದುರಿಸಿದ ಬೀಜದಿಂದ ಹುಟ್ಟುವ ಈ ಗಿಡವು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹೊಂದಿಸಿ ಆಹಾರ ಪಡೆಯುವುದರಿಂದ ಅದಕ್ಕೆ ಬೇಲಿಯೇ ಪ್ರಿಯವಾದ ನೆಲೆ. ಬಹುಕಾಲ ಅದು ಯಾರ ನೆಲದಲ್ಲಿದ್ದರೂ ಸರ್ಕಾರದ ಸ್ವತ್ತಾಗಿತ್ತು. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ಮೇಲೆ ನೆಲದ ಒಡೆಯನಿಗೇ ಮರದ ಒಡೆತನ ಬಂದಿದೆ. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಗಡಿ ಎಲ್ಲಿದೆಯೆಂಬ ಪ್ರಶ್ನೆಗೆ ಇಲ್ಲಿ ಎಷ್ಟು ಬೆಲೆಯೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ನ್ಯಾಯದ ಮಾತು. ನೆರೆಯ ಗಿಡದ ಕೊಂಬೆ ನಮ್ಮ ನೆಲದ ಮೇಲೆ ಬಾಗಿದರೆ ನಾವು ಅದನ್ನು ಕಡಿಯಬಹುದೆ? ಇಂಗ್ಲೆಂಡಿನ ಪ್ರಭುಸಭೆಯು ಲೆಮನ್ ಮತ್ತು ವೆಬ್ ಎಂಬವರ ವ್ಯಾಜ್ಯದಲ್ಲಿ ಕೊಟ್ಟ, 1895ರ ವರದಿಗಳಲ್ಲಿರುವ ತೀರ್ಪಿನಂತೆ, ನೆರೆಯ ನೆಲಕ್ಕೆ ಕಾಲಿಡದೆ, ಗಡಿ ದಾಟಿ ಬಂದಷ್ಟನ್ನು ಮಾತ್ರ, ಮುನ್ಸೂಚನೆಯಿಲ್ಲದೆಯೇ ಕಡಿಯಬಹುದು. ಆದರೆ ಕಡಿದ ಕೊಂಬೆಯೂ ಅದರ ಹಣ್ಣೂ ಗಿಡದ ಒಡೆಯನಿಗೆ ಸೇರಿದುವೆಂಬುದನ್ನು ಮರೆಯಬಾರದು. ಕೊಂಬೆ ಬಾಗಿದ ಮಾತ್ರಕ್ಕೆ ನೆಲ ಕೈಬಿಡುವುದಿಲ್ಲ. ಆದರೆ ಬೇಲಿಯಾಚೆಯ ನಮ್ಮ ನೆಲವನ್ನು ನೆರೆಯವನು ತನ್ನದೆಂದೇ ಬಹಿರಂಗವಾಗಿ 12 ವರ್ಷ ಅನುಭವಿಸಿದರೆ, ನಾವು ದಾವೆ ಹೂಡುವ ಹಕ್ಕೇ ಕಳೆದುಹೋಗಬಹುದು. ಸೌಜನ್ಯ ಬೇರೆ, ಉದಾಸೀನ ಬೇರೆ.

ಹಾಗೆಂದು ಮುನ್ಸೂಚನೆ ಬೇಡವೆಂದ ಕಾನೂನು, ಮಾತಾಡಬೇಡವೆಂದು ಹೇಳಿಲ್ಲ. ನಮ್ಮ ಹಳ್ಳಿಗಳಲ್ಲಿ ಪಕ್ಕದ ಹೊಲದವನು ಅನೇಕ ವೇಳೆ ಅಪರಿಚಿತನಲ್ಲ, ಹಿಸ್ಸೆಯಾದ ದಾಯಾದಿ. ಒಂದೇ ಒಲೆಯ ಅನ್ನ ಉಂಡವರ ನಡುವೆ ಬೆಳೆದ ಬೇಲಿ ಅದು. ಅಲ್ಲಿ ಮಚ್ಚಿನ ಮೊದಲ ಏಟು ಗಿಡಕ್ಕೆ ಬಿದ್ದರೂ ಗಾಯವಾಗುವುದು ಹಳೆಯ ನೆನಪುಗಳಿಗೆ. “ಅಣ್ಣಯ್ಯ, ಮುಂಗಾರಿಗೆ ಮುಂಚೆ ಬೇಲಿ ಸವರಿಬಿಡೋಣ, ನೀವೊಂದು ಆಳು ಕೊಡಿ, ನಾನೊಂದು ಕೊಡುತ್ತೇನೆ” ಎಂದು ಮನೆಗೇ ಹೋಗಿ ಹೇಳುವ ಮಾತಿಗೆ ಸಮನಾದುದು ವಕೀಲರ ನೋಟೀಸಿನಲ್ಲಿ ದೊರೆಯದು. ಆಳು ಕೊಡಲಾರದಷ್ಟು ಬಡವನಾದರೆ ನಮ್ಮ ಆಳಿನಿಂದಲೇ ಸವರಿಸಿ, ಸೊಪ್ಪನ್ನೂ ಸೌದೆಯನ್ನೂ ಅವನಿಗೇ ಬಿಡೋಣ. ಎದೆಯ ಮಟ್ಟಕ್ಕೆ ಸವರಿದ ಬೇಲಿ ಬುಡದಿಂದ ಒತ್ತಾಗಿ ಚಿಗುರಿ ಆಡುಕುರಿಗಳನ್ನು ಇನ್ನೂ ಚೆನ್ನಾಗಿ ತಡೆಯುವುದು. ಬುಡಸಹಿತ ಕಿತ್ತೊಗೆಯುವ ಅವಸರವೂ ಬೇಡ. ಗೌಜಲಹಕ್ಕಿಗೂ ಮುಂಗುಸಿಗೂ ಅದೇ ಮನೆ, ಬದುವಿನ ಮಣ್ಣಿಗೆ ಅದೇ ಕಟ್ಟು.

ಒಟ್ಟಿನಲ್ಲಿ ಗಡಿಯನ್ನು ಕಲ್ಲಿಗೆ ಒಪ್ಪಿಸಬೇಕು, ಬೇಲಿಯನ್ನು ಇಬ್ಬರ ಕೈಗೂ ಒಪ್ಪಿಸಬೇಕು. ಪಟ್ಟಣದಲ್ಲಿರುವ ನಾವು ಮುಂದಿನ ಸಲ ಊರಿಗೆ ಹೋದಾಗ, ತೋಟದ ಎಳನೀರು ಕುಡಿದು ಹಿಂದಿರುಗುವುದಕ್ಕೆ ಮೊದಲು, ಬೇಲಿಯ ಉದ್ದಕ್ಕೂ ಒಂದು ಸಲ ನಡೆದು ಬರೋಣ. ಸಾಧ್ಯವಾದರೆ ಪಕ್ಕದ ಹೊಲದವರನ್ನೂ ಜೊತೆಗೆ ಕರೆದುಕೊಂಡು.